ಹೆಣವಿಲ್ಲದೆ ಊದಿದ ಶಂಖ

ಸಾವಿನ ಮನೆಗೆ ಹೋಗಿ ಬಂದ ಶಂಖ ನೇರವಾಗಿ ಒಳಗೆ ಬರುವಂತಿಲ್ಲ. ಮದುವೆಯಾಗಿ ಶ್ರೀರಾಂಪುರದ ವಠಾರಕ್ಕೆ ಬಂದ ವಾರದಲ್ಲೇ ಮುನಿಯಮ್ಮ ಇದನ್ನು ಕಲಿತಳು. ಗಂಡ ಆಂಜಿನಯ್ಯ ಗಲ್ಲಿಯ ತುದಿಯಲ್ಲಿ ನಿಂತು ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿದರೆ ಒಲೆಯ ಮೇಲೆ ಏನೇ ಇರಲಿ, ಬಿಟ್ಟು ಅರಿಶಿನ ಕಲಸಿದ ನೀರಿನ ಚೊಂಬು ಹಿಡಿದು ಅವಳು ಹೊಸಿಲು ದಾಟಬೇಕು. ಅವನು ಶಂಖದ ಬಾಯಿ ಕೆಳಗೆ ಮಾಡಿ ಹಿಡಿಯುತ್ತಿದ್ದ. ಅವಳು ಹೊಯ್ಯುತ್ತಿದ್ದಳು. ನೀರು ಶಂಖದ ಹೊಟ್ಟೆಯೆಲ್ಲ ಸುತ್ತಿ ಮೋರಿಗೆ ಇಳಿಯುತ್ತಿತ್ತು. ಆಮೇಲೆ ಅವನ ಕೈ, ಆಮೇಲೆ ಕಾಲು. "ಯಾರು?" ಎಂದು ಅವಳು ಕೇಳಬೇಕು. ಅವನು ಸತ್ತವರ ಹೆಸರು ಹೇಳಬೇಕು. ಹೇಳಿದ ಮೇಲೇ ಒಳಗೆ.

ಆಂಜಿನಯ್ಯ ದಾಸಯ್ಯ. ಹಣೆಗೆ ನಾಮ, ಹೆಗಲಿಗೆ ಶಂಖ, ಕೈಯಲ್ಲಿ ಜಾಗಟೆ. ಶ್ರಾವಣ ಶನಿವಾರಗಳಲ್ಲಿ ಗರುಡಗಂಬದ ದೀಪ ಹಚ್ಚಿಕೊಂಡು ಮನೆಮನೆಯ ಮುಂದೆ ನಿಂತು ಗೋವಿಂದನ ಹೆಸರು ಹೇಳಿ ಅಕ್ಕಿ ಹಾಕಿಸಿಕೊಂಡು ಬರುತ್ತಿದ್ದ. ಅದು ಮಂಗಳದ ಊದು. ಇನ್ನೊಂದು ಊದು ಇತ್ತು. ಹಳ್ಳಿಯಿಂದ ಬಂದು ನೆಲೆಸಿದ ಒಕ್ಕಲು ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಅವನಿಗೆ ಕರೆ ಬರುತ್ತಿತ್ತು. ಅಂಗಳದಲ್ಲಿ ಮಲಗಿಸಿದ ಹೆಣದ ತಲೆಯ ಕಡೆ ನಿಂತು ಊದಬೇಕು. ಹೆಣ ಎದ್ದಾಗ ಅದರ ಮುಂದೆ ನಡೆಯುತ್ತ ಊದಬೇಕು. ಮೇಲಿನಿಂದ ಕೆಳಕ್ಕೆ ಇಳಿಯುವ ಊದು ಅದು. ಕೇಳಿದವರು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಡುತ್ತಿದ್ದರು. ಕೂಸುಗಳು ತಾಯಿಯ ಸೆರಗಿನೊಳಗೆ ನುಗ್ಗುತ್ತಿದ್ದವು.

ಆ ಊದಿಗೆ ಕಟ್ಟುಪಾಡು ಇತ್ತು. ಸೂರಿನ ಕೆಳಗೆ ಊದಬಾರದು. ಹೆಸರಿಲ್ಲದೆ ಊದಬಾರದು. ಆಂಜಿನಯ್ಯನಿಗೆ ಅವನಪ್ಪ ಮುನಿಹನುಮಯ್ಯ ಕಲಿಸಿದ್ದೂ ಹರಿಶ್ಚಂದ್ರ ಘಾಟಿನ ಸ್ಮಶಾನದಲ್ಲೇ, ಹೆಣ ಬಂದಾಗ ಮಾತ್ರ. ಮೊದಲು ಮನೆಯ ಹಿರಿಯರನ್ನು ಕೇಳಬೇಕು. ಇಂಥ ಸೀಮೆಯ ಇಂಥವರ ಮಗ ಇಂಥವನು ಹೊರಟಿದ್ದಾನೆ, ದಾರಿ ಬಿಡಿ ಎಂದು ಕೂಗಬೇಕು. ಆಮೇಲೆ ಶಂಖ ತುಟಿಗಿಡಬೇಕು.

"ಹೆಸರು ಕೊಡದ ಊದು ಬೀದಿನಾಯಿ ಇದ್ದಂಗೆ. ಯಾರ ಹಿಂದೆ ಬೇಕಾದ್ರೂ ಹೋಗ್ತೈತೆ," ಎನ್ನುತ್ತಿದ್ದ ಮುದುಕ.

ಮುದುಕ ಮಾಗಡಿ ಸೀಮೆಯಿಂದ ಬಂದವನು. ಮಗನನ್ನು ಮಿಲ್ಲಿಗೆ ಸೇರಿಸಿದ. ಮಿಲ್ಲು ಮುಚ್ಚಿತು. ಆಮೇಲೆ ಆಂಜಿನಯ್ಯ ಮಲ್ಲೇಶ್ವರದ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ಕೊಟ್ಟು ತೆಗೆದುಕೊಳ್ಳುವ ಕೆಲಸಕ್ಕೆ ಸೇರಿದ. ಬೆಳಿಗ್ಗೆ ಮದುವೆಯ ಕೊಳದಪ್ಪಲೆ, ಮಧ್ಯಾಹ್ನ ಹೆಣ. ಮಂಟಪದ ಮ್ಯಾನೇಜರು, "ಆಂಜಿನಯ್ಯ, ಆ ಶಂಖ ಮಾತ್ರ ಇಲ್ಲಿಗೆ ತರಬೇಡ ಮಾರಾಯ, ಹೆಣ್ಣಿನ ಕಡೆಯೋರು ನೋಡಿದ್ರೆ ಅಷ್ಟೇ," ಎಂದು ಕೈ ಮುಗಿದಿದ್ದರು. ಆಂಜಿನಯ್ಯ ನಗುತ್ತಿದ್ದ. ಅವನು ನಗುವ ಮನುಷ್ಯ. ಹಲ್ಲಿ ಕಂಡರೆ ಹೆದರುತ್ತಿದ್ದ. ಹೆಣ ಕಂಡರೆ ಇಲ್ಲ. ಊಟಕ್ಕೆ ಕೂತರೆ ಮುದ್ದೆ ಮುರಿಯುವ ಮುಂಚೆ ಹೆಂಡತಿಯ ತಟ್ಟೆ ನೋಡುತ್ತಿದ್ದ, ಅವಳಿಗೆ ಸಾರು ಬಿತ್ತೋ ಇಲ್ಲವೋ ಎಂದು. ಮಕ್ಕಳಾಗಲಿಲ್ಲ. ಅದಕ್ಕೆ ಅವನು ಅವಳಿಗೆ ಒಂದು ಮಾತೂ ಅನ್ನಲಿಲ್ಲ.

2002ನೇ ಇಸವಿ. ಸಂಕ್ರಾಂತಿ ಕಳೆದಿತ್ತು. ಒಂದು ಭಾನುವಾರ ಮಧ್ಯಾಹ್ನ ಗಲ್ಲಿಯ ತುದಿಯಲ್ಲಿ ಕೆಮ್ಮು ಕೇಳಿಸಿತು. ಮುನಿಯಮ್ಮನಿಗೆ ಆಶ್ಚರ್ಯವಾಯಿತು. ಆವತ್ತು ಯಾವ ಮನೆಯಿಂದಲೂ ಕರೆ ಬಂದಿರಲಿಲ್ಲ. ಆದರೂ ಚೊಂಬು ಹಿಡಿದು ಹೊರಗೆ ಬಂದಳು. ಅವನು ಶಂಖ ಬಾಯಿ ಕೆಳಗೆ ಮಾಡಿ ನಿಂತಿದ್ದ. ನೀರು ಹೊಯ್ಯುವ ಮುಂಚೆಯೇ ಅವಳು ಕೇಳಿದಳು.

"ಯಾರು?"

ಅವನು ಮೋರಿ ನೋಡಿದ.

"ಯಾರು ಅಂದೆ."

"ಬಸವನಗುಡಿ ಕಡೆ. ಎನ್.ಆರ್. ಕಾಲೋನಿ."

"ನಾನು ಜಾಗ ಕೇಳ್ಲಿಲ್ಲ. ಯಾರು?"

"ಹುಯ್ಯೇ ನೀರು. ಕೈ ನೋಯ್ತೈತೆ."

ಅವಳು ಹೊಯ್ದಳು. ಇಷ್ಟು ವರ್ಷದಲ್ಲಿ ಹೆಸರು ಹೇಳದೆ ಅವನು ಒಳಗೆ ಬಂದದ್ದು ಅದೊಂದೇ ಸಲ. ಎನ್.ಆರ್. ಕಾಲೋನಿ ಜನಿವಾರದ ಅಯ್ನೋರ ಜಾಗ. ಅವರ ಸಾವಿಗೆ ಅವರದೇ ಶಾಸ್ತ್ರ, ಅವರದೇ ಪುರೋಹಿತರು. ದಾಸಯ್ಯನನ್ನು ಕರೆಯುವವರಲ್ಲ. ಊಟಕ್ಕೆ ಕೂತಾಗ ಮತ್ತೆ ಕೇಳಿದಳು.

"ದೊಡ್ಡೋರ ಮನೆ ಕಣೇ. ಪಾನಕ ಕೊಟ್ರು," ಎಂದ.

"ಸಾವಿನ ಮನೇಲಿ ಪಾನಕ ಯಾರು ಕೊಡ್ತಾರೆ?"

"ಕೊಟ್ರು. ಏಲಕ್ಕಿ ಹಾಕಿದ್ರು," ಎಂದು ಅವನು ಅವಳ ತಟ್ಟೆಗೆ ಸಾರು ಬಿಟ್ಟ. ಆ ಹೇಳದ ಹೆಸರು ಹಲ್ಲಿನ ಸಂದಿಯ ನಾರಿನಂತೆ ಅವಳೊಳಗೆ ಉಳಿಯಿತು.

ಶ್ರಾವಣದ ಕೊನೆಯ ಶನಿವಾರದ ಸುತ್ತು ಮುಗಿಸಿದ ಮೇಲೆ, ಸೋಮವಾರ ಬೆಳಿಗ್ಗೆ ವಠಾರದ ನಲ್ಲಿಯ ಹತ್ತಿರ ಆಂಜಿನಯ್ಯ ಕುಸಿದ. ಮೇಲೆತ್ತಿದಾಗ ಅಂಗೈಯಲ್ಲಿ ಹಲ್ಲುಪುಡಿ ಹಾಗೇ ಇತ್ತು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ, ಆಟೋದಲ್ಲಿ, ಮುಗಿಯಿತು. ಎದೆ ನಿಂತಿದೆ ಎಂದರು.

ಮುನಿಯಮ್ಮ ಅಳಲಿಲ್ಲ. ಹೆಂಗಸರು ಅವಳ ಸುತ್ತ ಕೂತು ಕಾದರು. ಪಕ್ಕದ ಮನೆಯ ಸುಬ್ಬಮ್ಮ ಹೂ ಕಟ್ಟಿ ಮಾರುವವಳು, ಬಾಯಿ ಜೋರು. ಅವಳು ಮುನಿಯಮ್ಮನ ಭುಜ ಹಿಡಿದು ಅಲುಗಿಸಿದಳು. "ಮುನಿಯಕ್ಕ, ಅಳಕ್ಕ. ಎದೇಲಿ ಇಟ್ಕೊಬ್ಯಾಡ." ಮುನಿಯಮ್ಮ ಗಲ್ಲಿಯ ತುದಿಯನ್ನೇ ನೋಡುತ್ತಿದ್ದಳು.

ಊದುವವರು ಬೇಕಾಗಿತ್ತು. ಮಾಗಡಿ ರಸ್ತೆಯ ದಾಸಯ್ಯನಿಗೆ ಲಕ್ವ ಹೊಡೆದು ಬಾಯಿ ಸೊಟ್ಟಗಾಗಿತ್ತು. ಚಾಮರಾಜಪೇಟೆಯಲ್ಲಿ ಒಬ್ಬನಿದ್ದ, ಅವನು ತಿರುಪತಿಗೆ ಹೋಗಿದ್ದ. ಬಿಸಿಲು ಏರಿತು. ಹೆಣ ಇಟ್ಟುಕೊಂಡು ಎಷ್ಟು ಹೊತ್ತು ಕಾಯುವುದು. ಸುಬ್ಬಮ್ಮನ ಗಂಡ, ಒಳ್ಳೆಯ ಮನಸ್ಸಿನಿಂದಲೇ, ಮೊಳೆಗೆ ನೇತುಹಾಕಿದ್ದ ಶಂಖ ತಂದು ತುಟಿಗಿಟ್ಟು ಊದಿದ. ಪುಸ್ ಎಂದು ಗಾಳಿ ಬಂತು. ಇನ್ನೊಂದು ಸಲ ಕೆನ್ನೆ ಉಬ್ಬಿಸಿದ. ಎಂಜಲು ಬಂತು. ಯಾವುದೋ ಮಗು ನಕ್ಕಿತು. ಮುನಿಯಮ್ಮ ಎದ್ದು ಹೋಗಿ ಅವನ ಕೈಯಿಂದ ಶಂಖ ಕಿತ್ತುಕೊಂಡಳು.

ಆಂಜಿನಯ್ಯ ಬರೀ ತಮಟೆಯ ಹಿಂದೆ ಹೋದ. ಶ್ರೀರಾಂಪುರದ ಅರ್ಧ ಹೆಣಗಳಿಗೆ ದಾರಿ ಬಿಡಿಸಿದವನು. ಅವನ ಹೆಸರನ್ನು ಯಾರೂ ಕೂಗಲಿಲ್ಲ. ಮಣ್ಣು ಮಾಡಿ ಬಂದವರು ಕಾಲು ತೊಳೆದುಕೊಂಡು ಹೋದರು. ಶಂಖ ಮಾತ್ರ ಒಣಗಿಯೇ ಮೊಳೆಗೆ ಹೋಯಿತು. ಅದಕ್ಕೆ ನೀರು ಹೊಯ್ಯುವ ಕಾರಣವೇ ಬರಲಿಲ್ಲ.

ಹಾಲು ತುಪ್ಪ ಬಿಟ್ಟ ಮೇಲೆ ಅವಳು ಸ್ಮಶಾನದ ಕಡೆ ಹೋಗಲಿಲ್ಲ. ಮನೆಯಲ್ಲಿ ಕೂತಳು. ಎರಡು ಮುದ್ದೆ ಕಟ್ಟಿ, ಒಂದನ್ನು ನೋಡುತ್ತ ಕೂರುತ್ತಿದ್ದಳು. ಅವನಿಗೆ ದಾರಿ ಸಿಕ್ಕಿತೋ ಇಲ್ಲವೋ ಎಂಬುದೇ ಅವಳ ಚಿಂತೆ. ಮದುವೆ ಮನೆಯ ಬಾಗಿಲಲ್ಲಿ ಯಾರೂ ಕರೆಯದೆ ನಿಂತ ನೆಂಟನ ಹಾಗೆ ಅವನು ಎಲ್ಲೋ ನಿಂತಿದ್ದಾನೆ ಅನ್ನಿಸುತ್ತಿತ್ತು. ಗಲ್ಲಿಯಲ್ಲಿ ಯಾರು ಕೆಮ್ಮಿದರೂ ಅವಳ ಕೈ ಚೊಂಬಿನ ಕಡೆ ಹೋಗುತ್ತಿತ್ತು. ಅಳು ಮಾತ್ರ ಬರಲಿಲ್ಲ.

ದೀಪಾವಳಿ ಹತ್ತಿರವಾದಾಗ, ಒಂದು ಭಾನುವಾರ ಬೆಳಿಗ್ಗೆ, ವಠಾರದ ಮುಂದೆ ಒಂದು ಬೈಕು ನಿಂತಿತು. ಜಗಲಿಯ ಮೇಲೆ ಸೇವಂತಿಗೆ ಕಟ್ಟುತ್ತ ಕೂತಿದ್ದ ಸುಬ್ಬಮ್ಮ ಕತ್ತೆತ್ತಿ ನೋಡಿದಳು.

"ಮುನಿಯಕ್ಕ, ಬಾ ಇಲ್ಲಿ. ಯಮಧರ್ಮನ ಕಡೆಯೋರು ಬಂದವ್ರೆ. ಕೋಣ ಮಾರಿ ಬೈಕು ತಗೊಂಡವ್ರೆ."

ಇಬ್ಬರು ಹುಡುಗರು. ಇಪ್ಪತ್ತು ದಾಟಿದವರು. ಹೆಗಲಿಗೆ ಬೀಳುವ ಕೂದಲು, ಕಪ್ಪು ಅಂಗಿ. ಒಬ್ಬನ ಎದೆಯ ಮೇಲೆ ತಲೆಬುರುಡೆ, ಅದರ ಕಣ್ಣಿನ ತೂತಿನಿಂದ ಬೆಂಕಿ. ಇನ್ನೊಬ್ಬನ ಎದೆಯ ಮೇಲೆ ಕೊಂಬಿನ ಮೇಕೆ. ತಲೆಬುರುಡೆಯವನ ಕೈಯಲ್ಲಿ ಸಿಹಿತಿಂಡಿಯ ಡಬ್ಬಿ ಇತ್ತು.

"ದಾಸಯ್ಯನೋರ ಮನೆ ಇದೇನಾಮ್ಮ?" ಎಂದ ಅವನು.

ಆ ಮಾತು ಕೇಳಿಕೊಂಡು ಬರುವವರಿಗೆ ಒಂದೇ ಕೆಲಸ. ಮುನಿಯಮ್ಮ ಅಭ್ಯಾಸದಿಂದ ಕೇಳಿದಳು. "ಯಾರು ಹೋದ್ರು?"

"ಯಾರೂ ಹೋಗಿಲ್ಲಮ್ಮ. ಅವರನ್ನೇ ನೋಡೋಣ ಅಂತ ಬಂದ್ವಿ."

"ಅವ್ರೇ ಹೋದ್ರು."

ಹುಡುಗ ಡಬ್ಬಿ ಹಿಡಿದುಕೊಂಡೇ ಹೊಸಿಲ ಕೆಳಗಿನ ಕಲ್ಲಿನ ಮೇಲೆ ಕೂತುಬಿಟ್ಟ. ಮೇಕೆಯವನು ಬೈಕಿನ ಬೀಗದಕೈ ಬೆರಳಲ್ಲಿ ತಿರುಗಿಸುತ್ತಿದ್ದವನು ನಿಲ್ಲಿಸಿದ. "ಯಾವಾಗ?" ಎಂದು ಕೇಳಿದ. ಸುಬ್ಬಮ್ಮ ಹೇಳಿದಳು. ನಲ್ಲಿ, ಹಲ್ಲುಪುಡಿ, ಆಟೋ, ಎಲ್ಲ.

"ನಾನು ಮಲ್ಲೇಶ್ವರದ ದೊಡ್ಡಬೈರಪ್ಪನವರ ಮೊಮ್ಮಗ ಅಮ್ಮ. ಮನೋಹರ್," ಎಂದ ಕೂತವನು. "ತಾತಂಗೆ ಅವರೇ ಊದಿದ್ದು."

ದೊಡ್ಡಬೈರಪ್ಪ. ಅವಳಿಗೆ ನೆನಪಿತ್ತು. ನೀರು ಹೊಯ್ದು, ಹೊಸಿಲಲ್ಲಿ ಆ ಹೆಸರು ಕೇಳಿಸಿಕೊಂಡದ್ದು.

"ಇವನು ನನ್ನ ಫ್ರೆಂಡು ಆತ್ರೇಯ. ಎನ್.ಆರ್. ಕಾಲೋನಿ."

ಮುನಿಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಸಂಕ್ರಾಂತಿ ಆದ್ಮೇಲೆ ನಿಮ್ಮನೇಲಿ ಯಾರಪ್ಪ ಸತ್ತಿದ್ದು?"

"ನಮ್ಮನೇಲಾ?" ಆತ್ರೇಯ ಮನೋಹರನ ಮುಖ ನೋಡಿದ. "ಯಾರೂ ಇಲ್ಲಮ್ಮ."

"ಅವ್ರು ಬಂದು ಊದಿದ್ರು."

"ಬಂದಿದ್ರು. ನಾವೇ ಕರೆದಿದ್ದು. ನಮ್ದೊಂದು ಬ್ಯಾಂಡ್ ಇದೆ ಅಮ್ಮ."

"ಮದುವೇಗೆ ಬಾರ್ಸೋದಾ?" ಎಂದಳು ಸುಬ್ಬಮ್ಮ. "ನಿಮ್ಮನ್ನ ಕರೆದ್ರೆ ಹೆಣ್ಣು ಹಸೆಮಣೆ ಬಿಟ್ಟು ಓಡೋಗ್ತಾಳೆ."

"ಮದುವೇಗಲ್ಲ. ಮೆಟಲ್ ಅಂತಾರೆ. ಗಿಟಾರು, ಡ್ರಮ್ಸು, ಕೀಬೋರ್ಡು. ಒಂದೊಂದು ಹಾಡು ತುಂಬ ಉದ್ದ ಇರುತ್ತೆ. ಕತ್ತಲೆ, ಸಾವು, ಭಯ, ಅದನ್ನೇ ಬಾರಿಸ್ತೀವಿ. ಕೇಳಿದೋರಿಗೆ ಮೈ ಜುಂ ಅನ್ನಬೇಕು."

"ಬೇಕೂಂತ ಹೆದರ್ಸೋದಾ?" ಎಂದಳು ಮುನಿಯಮ್ಮ.

"ಹೂಂ."

"ಯಾಕೆ?"

ಮನೋಹರ್ ನೆಲ ನೋಡುತ್ತ ಹೇಳಿದ.

"ತಾತ ಸತ್ತಾಗ ಎಲ್ಲರೂ ಧೈರ್ಯ ತಗೋ, ಧೈರ್ಯ ತಗೋ ಅಂತಿದ್ರಮ್ಮ. ನಂಗೆ ಏನೂ ಅನ್ನಿಸ್ತಿರ್ಲಿಲ್ಲ. ಮರ ನಿಂತಂಗೆ ನಿಂತಿದ್ದೆ. ಅಯ್ಯ ಬಂದು ತಾತನ ಹೆಸರು ಕೂಗಿ ಊದಿದ್ರು. ಆಗ ಹೆದರಿಕೆ ಆಯ್ತು. ಎಂಥಾ ಹೆದರಿಕೆ ಅಂದ್ರೆ, ತಾತ ನಿಜವಾಗ್ಲೂ ಹೋಗ್ತಾವ್ರೆ ಅಂತ ಆಗಲೇ ಗೊತ್ತಾಗಿದ್ದು. ಹೆದರಿಕೆ ಆದ್ಮೇಲೇ ಅಳು ಬಂದಿದ್ದು. ಅದನ್ನೇ ಹಾಡು ಮಾಡೋಣ ಅಂತ ಇವನಿಗೆ ಹೇಳಿದೆ. ಗಿಟಾರಲ್ಲಿ ಎಷ್ಟು ಪ್ರಯತ್ನ ಪಟ್ರೂ ಬರ್ಲಿಲ್ಲ. ಅದಕ್ಕೆ ಮಂಟಪಕ್ಕೆ ಹೋಗಿ ಅವರನ್ನೇ ಕೇಳಿದ್ವಿ."

ಮುನಿಯಮ್ಮನ ಕಿವಿಗೆ ಅಷ್ಟೂ ಹೋಗಲಿಲ್ಲ. ಒಂದೇ ಮಾತು ಹೋಗಿ ಕೂತಿತ್ತು.

"ಹೆಣ ಇಲ್ದೆ ಊದ್ಸಿದ್ರಾ?"

ಸುಬ್ಬಮ್ಮನ ಕೈಯಲ್ಲಿ ದಾರ ನಿಂತಿತು.

"ಸೂರಿನ ಕೆಳಗಾ?"

"ಇಲ್ಲಮ್ಮ," ಎಂದ ಆತ್ರೇಯ. "ರೂಮಲ್ಲಿ ಊದಲ್ಲ ಅಂದ್ರು. ಹಿತ್ತಲಲ್ಲಿ ತೆಂಗಿನ ಮರದ ಹತ್ತಿರ ನಿಂತ್ರು. ಮೈಕು ಕಿಟಕಿಯಿಂದ ಆಚೆ ಎಳೆದ್ವಿ. ಅಜ್ಜಿ ಬಂದ್ಬಿಟ್ರು." ಅವನ ತುಟಿಯಲ್ಲಿ ನಗು ಬರಲು ನೋಡಿ ಹೋಯಿತು. "ನಮ್ಮಜ್ಜಿ ಜಾನಕಮ್ಮ. ಶಂಖ ಕೇಳಿ ಯಾವುದೋ ಪೂಜೆ ಅಂದ್ಕೊಂಡು ಕೈ ಮುಗ್ಕೊಂಡು ನಿಂತಿದ್ರು. ನಮ್ಮ ಕಡೆ ಶಂಖ ಅಂದ್ರೆ ದೇವರಿಗೇ ಅಲ್ವಾ. ಒಳಗೆ ಹೋಗಿ ಪಾನಕ ಮಾಡ್ಕೊಂಡು ಬಂದು ಕೊಟ್ರು. ಅಯ್ಯ ಕುಡಿದು, ಚೆನ್ನಾಗಿದೆ ತಾಯಿ ಅಂದ್ರು. ಯಾವ ಊದು ಅಂತ ಹೇಳ್ಲಿಲ್ಲ."

ಏಲಕ್ಕಿ ಹಾಕಿದ ಪಾನಕ. ಮುನಿಯಮ್ಮ ಕಣ್ಣು ಮುಚ್ಚಿ ತೆರೆದಳು.

"ಹೆಸರು? ಯಾರ ಹೆಸರು ಕೂಗಿದ್ರು?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು.

"ಹೆಸರಿಲ್ದೆ ಊದಿದ್ರೆ ಊದಿದೋನ್ನೇ ಹಿಡೀತದೆ ಅಂತ ನಮ್ಮತ್ತೆ ಹೇಳೋರು," ಎಂದಳು ಸುಬ್ಬಮ್ಮ. ಅವಳ ದನಿ ತಗ್ಗಿತ್ತು. "ನೀವೇ ಕೊಂದಿದ್ದು. ನೀವಿಬ್ರೇ."

"ಅಳಿಸಿ ಅದನ್ನ," ಎಂದಳು ಮುನಿಯಮ್ಮ. "ಎಲ್ಲೈತೆ? ಇಲ್ಲೇ ಅಳಿಸಿ. ನನ್ನ ಕಣ್ಣ ಮುಂದೆ."

ಆತ್ರೇಯನ ಮುಖ ಬಿಳಚಿಕೊಂಡಿತು. "ಮುಂದಿನ ತಿಂಗಳು ನಮ್ಮ ಕಾಲೇಜಲ್ಲಿ ಪ್ರೋಗ್ರಾಮ್ ಅಮ್ಮ. ಇಡೀ ಹಾಡು ಅದರ ಮೇಲೇ ನಿಂತಿದೆ. ಅವರನ್ನ ಕರ್ಕೊಂಡು ಹೋಗಿ ಮುಂದಿನ ಸಾಲಲ್ಲಿ ಕೂರಿಸೋಣ ಅಂತಲೇ ಬಂದಿದ್ದು." ಅವನು ಅವಳ ಮುಖ ನೋಡಿದ. ಆಮೇಲೆ, "ಆಯ್ತು. ಅಳಿಸ್ತೀವಿ," ಎಂದ.

"ಒಂದು ಸಲ ಕೇಳಿಬಿಡಿ ಅಮ್ಮ," ಎಂದ ಮನೋಹರ್. "ಆಮೇಲೆ ನಾನೇ ರೀಲು ಎಳೆದು ನಿಮ್ಮ ಕೈಗೆ ಕೊಡ್ತೀನಿ. ಆಣೆ."

ಅವನು ಜೇಬಿನಿಂದ ವಾಕ್‌ಮನ್ ತೆಗೆದು, ಅದರ ಸ್ಪಂಜು ಹಚ್ಚಿದ ಕಂಬಿಯನ್ನು ಅವಳ ತಲೆಗೆ ಹಾಕಿದ. ಅವಳು ಕೂತಳು. ಗುಂಡಿ ಒತ್ತಿದ.

ಜಾಗಟೆ. ತಲೆಯೊಳಗೇ ಯಾರೋ ಬಡಿದ ಹಾಗೆ. ಆ ಜಾಗಟೆ ಅವಳಿಗೆ ಗೊತ್ತು. ಅಂಚಿನಲ್ಲಿ ಸೀಳಿತ್ತು, ಬಡಿದರೆ ಕೊನೆಯಲ್ಲಿ ಝೀ ಎನ್ನುತ್ತಿತ್ತು. ಹಿಂದೆಯೇ ಚಪ್ಪಡಿ ಕಲ್ಲು ಎಳೆದಂತೆ ಒಂದು ತಂತಿ, ನಿಧಾನ, ಕೆಳದನಿ. ಒಂದು ಹೆಜ್ಜೆ, ನಿಲ್ಲುವುದು, ಒಂದು ಹೆಜ್ಜೆ. ಹೆಣ ಹೊತ್ತವರು ಗಲ್ಲಿಯ ತಿರುವಿನಲ್ಲಿ ನಡೆಯುವುದು ಹಾಗೇ. ಆಮೇಲೆ ಶಂಖ. ಅವಳ ತೋಳಿನ ಕೂದಲು ಎದ್ದವು. ಶಂಖ ಇಳಿದು ಮುಗಿಯುವ ಮುಂಚೆ ಎಲ್ಲ ಒಟ್ಟಿಗೆ ಬಿತ್ತು, ಕಲ್ಲುಗಣಿಯಲ್ಲಿ ಮದ್ದು ಸಿಡಿದ ಹಾಗೆ. ಅದರ ನಡುವೆ ಮೈಮೇಲೆ ಬಂದವನಂತೆ ಯಾರೋ ಅರಚಿದ.

ಅವಳು ಕಂಬಿ ಕಿತ್ತು ತೊಡೆಯ ಮೇಲೆ ಹಾಕಿಕೊಂಡಳು.

"ಇದು ಹಾಡಾ?"

"ಹೂಂ ಅಮ್ಮ."

"ಕಿರುಚ್ತಿರೋದು ಯಾರು?"

"ನಾನು," ಎಂದ ಆತ್ರೇಯ.

ಅವಳು ಅವನನ್ನು ನೋಡಿದಳು. ಕಡ್ಡಿಯಂಥ ಹುಡುಗ. ಕನ್ನಡಕ. ಅಂಗಿಯ ಕತ್ತಿನಲ್ಲಿ ಜನಿವಾರದ ಎಳೆ.

"ಗಂಟಲು ಕಿತ್ಕೊಂಡು ಬರಲ್ವಾ?"

"ಬಿಸಿನೀರು ಕುಡೀತೀನಿ ಅಮ್ಮ."

"ನಿಮ್ಮಜ್ಜಿ ಏನನ್ನಲ್ವಾ?"

"ಅಜ್ಜಿಗೆ ಕಿವಿ ಮಂದ."

ಮನೋಹರ್ ಕ್ಯಾಸೆಟ್ಟು ತೆಗೆದು ಮಗುಚಿ ಹಾಕಿದ. "ಆ ಕಡೆ ಹಾಡು. ಈ ಕಡೆ ಆವತ್ತು ಆಗಿದ್ದಷ್ಟೂ ಇದೆ. ನೀವು ಕೇಳಿದ ಹೆಸರು ಇದರಲ್ಲಿದೆ. ನಮ್ಮ ಬಾಯಲ್ಲಿ ಹೇಳೋಕಾಗ್ತಿಲ್ಲ," ಎಂದು ಕಂಬಿಯನ್ನು ಮತ್ತೆ ಅವಳ ಕಿವಿಗಿಟ್ಟ.

ಕಾಗೆ ಕೂಗಿತು. ದೂರದಲ್ಲಿ ಕುಕ್ಕರಿನ ಸೀಟಿ. ಒಣಗಿದ ಗರಿಯ ಮೇಲೆ ಯಾರೋ ನಡೆದರು.

"ಎಲ್ಲಿ ನಿಂತ್ಕೊಳ್ಳೋದಪ್ಪ? ಇಲ್ಲಾ?"

ಮುನಿಯಮ್ಮ ತಿರುಗಿ ನೋಡಿದಳು. ಹಿಂದೆ ಗೋಡೆ. ದನಿ ಅಷ್ಟು ಹತ್ತಿರವಿತ್ತು. ಹಾಸಿಗೆಯಲ್ಲಿ ಪಕ್ಕದಲ್ಲಿ ಮಲಗಿ ಮಾತಾಡಿದ ಹಾಗೆ.

"ಅಲ್ಲೇ ಅಯ್ಯ. ಶುರು ಮಾಡಿ." ಅದು ಮನೋಹರನ ದನಿ.

"ಹೆಸರು ಹೇಳ್ರಪ್ಪ."

"ಯಾರ ಹೆಸರು?"

"ಹೋಗೋರ ಹೆಸರು."

"ಯಾರೂ ಹೋಗ್ತಿಲ್ವಲ್ಲ ಅಯ್ಯ. ಸುಮ್ನೆ ಊದಿ."

"ಸುಮ್ನೆ ಊದೋಕಾಗಲ್ಲ."

"ಯಾವುದೋ ಒಂದು ಹಾಕಿ. ರಾಮ ಅನ್ನಿ," ಎಂದು ಆತ್ರೇಯ ನಕ್ಕ.

"ರಾಮ ಅನ್ನೋರು ಊರಲ್ಲಿ ಎಷ್ಟು ಜನ ಅವ್ರೆ. ಯಾರ ಮನೆ ಬಾಗ್ಲಿಗೆ ಹೋಗಿ ನಿಂತ್ಕೊಳ್ಳಲಿ ಅದು? ಪಾಪ."

ಮತ್ತೆ ಕಾಗೆ ಕೂಗಿತು. ಆಮೇಲೆ ಆಂಜಿನಯ್ಯ ಕೆಮ್ಮಿದ. ಗಲ್ಲಿಯ ತುದಿಯ ಕೆಮ್ಮು. ಮುನಿಯಮ್ಮನ ಕೈ ತಾನಾಗಿ ಬಾಗಿಲ ಪಕ್ಕದ ಚೊಂಬಿಗೆ ಹೋಯಿತು.

"ಆಗ್ಲಿ. ನಂಗೆ ಮಕ್ಳಿಲ್ಲ. ನಮ್ಮಲ್ಲಿ ಊದೋರೂ ಕಮ್ಮಿಯಾದ್ರು. ನಂದೇ ಹಾಕ್ತೀನಿ. ಎಂದಾದ್ರೂ ಬೇಕಾಗ್ತೈತೆ." ನಗುತ್ತಲೇ ಹೇಳಿದ. ಆಮೇಲೆ ನಗು ಹೋಯಿತು. ದನಿ ಎತ್ತಿದ. "ಮಾಗಡಿ ಸೀಮೆ, ಮುನಿಹನುಮಯ್ಯನ ಮಗ ಆಂಜಿನಯ್ಯ ಹೊರಟವ್ನೆ. ದಾರಿ ಬಿಡ್ರಪ್ಪಾ. ದಾರಿ ಬಿಡಿ."

ಅವನು ಉಸಿರೆಳೆದುಕೊಂಡದ್ದು ಕೇಳಿಸಿತು. ಉದ್ದನೆಯ ಉಸಿರು. ಆಮೇಲೆ ಶಂಖ.

ಅದು ಮುಗಿಯುವವರೆಗೆ ಮುನಿಯಮ್ಮ ಅಲುಗಲಿಲ್ಲ. ಮುಗಿದ ಮೇಲೂ ಅಲುಗಲಿಲ್ಲ. ಆವತ್ತು ಹೊಸಿಲಲ್ಲಿ ಅವನು ಮೋರಿ ನೋಡುತ್ತ ನಿಂತದ್ದು ಕಣ್ಣಿಗೆ ಬಂತು. ಯಾರು, ಯಾರು ಎಂದು ಅವಳು ಕೇಳಿದ್ದಳು. ಕೈ ನೋಯ್ತೈತೆ, ನೀರು ಹುಯ್ಯಿ ಎಂದಿದ್ದ. ಅವನ ಸಾವಿನ ನೀರನ್ನು ಅವನ ಕೈಗೇ, ಅವನ ಕಾಲಿಗೇ ಅವಳೇ ಹೊಯ್ದಿದ್ದಳು. ಆಮೇಲೆ ಇಬ್ಬರೂ ಕೂತು ಮುದ್ದೆ ತಿಂದಿದ್ದರು.

"ಅಮ್ಮ," ಎಂದ ಮನೋಹರ್. ಅವನು ಕ್ಯಾಸೆಟ್ಟು ಹೊರಗೆ ತೆಗೆದು, ರೀಲಿನ ಎಳೆಗೆ ಬೆರಳು ಹಾಕಿದ್ದ. "ಎಳೆದುಬಿಡ್ಲಾ?"

ಅವಳು ಅವನ ಕೈ ಹಿಡಿದುಕೊಂಡಳು. ಬಿಗಿಯಾಗಿ ಹಿಡಿದಳು.

"ಎಳೀಬ್ಯಾಡ. ಅವ್ರಿಗೆ ಯಾರೂ ಊದ್ಲಿಲ್ಲ ಕಣಪ್ಪ. ಊದೋರು ಸಿಗ್ಲಿಲ್ಲ. ಬರೀ ತಮಟೇಲಿ ಹೋದ್ರು." ಕ್ಯಾಸೆಟ್ಟಿನ ಕಡೆ ಬೆರಳು ಮಾಡಿದಳು. "ಜೋರಾಗಿ ಕೇಳ್ಸೋ ಪೆಟ್ಟಿಗೆ ಐತಾ?"

ಪೆಟ್ಟಿಗೆ ಇದ್ದದ್ದು ಸುಬ್ಬಮ್ಮನ ಮನೆಯಲ್ಲಿ. ಟೇಪ್ ರೆಕಾರ್ಡರು. ಅಯ್ಯಪ್ಪನ ಹಾಡು ಕೇಳಲು ಅವಳ ಗಂಡ ತಂದದ್ದು.

"ಸ್ಮಶಾನಕ್ಕಾ? ನಮ್ಮ ಟೇಪಾ?" ಎಂದಳು ಸುಬ್ಬಮ್ಮ. ಮುನಿಯಮ್ಮನ ಮುಖ ನೋಡಿದಳು. ಎದ್ದು ಒಳಗೆ ಹೋಗಿ ತಂದು ಕೊಟ್ಟಳು. "ಸೆಲ್ಲು ಹೊಸದು. ಬರೋವಾಗ ತೊಳ್ಕೊಂಡು ಬನ್ನಿ."

ಹರಿಶ್ಚಂದ್ರ ಘಾಟಿಗೆ ನಡೆದೇ ಹೋದರು. ಮುಂದೆ ಮುನಿಯಮ್ಮ, ಹಿಂದೆ ಟೇಪ್ ರೆಕಾರ್ಡರು ಎದೆಗವಚಿಕೊಂಡ ಮನೋಹರ್, ಅವನ ಹಿಂದೆ ಆತ್ರೇಯ. ತಲೆಬುರುಡೆ ಮತ್ತು ಮೇಕೆ ಕಂಡು ರಸ್ತೆಯ ಜನ ತಿರುಗಿ ನೋಡಿದರು. ಗೇಟಿನಲ್ಲಿ ಕಾವಲುಗಾರ ಎದ್ದು ಬಂದ.

"ಏನಮ್ಮ ಇದು, ಪಿಕ್ನಿಕ್ಕಾ? ಟೇಪೆಲ್ಲ ತಂದವ್ರೆ?"

"ಊದೋರು ಬಂದವ್ರೆ. ದಾರಿ ಬಿಡಣ್ಣ."

ಅವನು ಅವಳನ್ನು ಗುರುತಿಸಿದ. ಬದಿಗೆ ಸರಿದ.

ಆಂಜಿನಯ್ಯನ ಗುಡ್ಡೆ ಮಳೆಗೆ ಕುಸಿದು ನೆಲಕ್ಕೆ ಸಮವಾಗಿತ್ತು. ಮೇಲೆ ಗರಿಕೆ ಬಂದಿತ್ತು. ತಲೆ ಯಾವ ಕಡೆ ಎಂದು ಅವಳು ತೋರಿಸಿದಳು. ಮನೋಹರ್ ಅಲ್ಲೇ ಟೇಪ್ ಇಟ್ಟು ಗುಂಡಿ ಒತ್ತಿದ. ಕಾಗೆ, ಕುಕ್ಕರು, ಗರಿಯ ಮೇಲೆ ಹೆಜ್ಜೆ. ಬಯಲಿನಲ್ಲಿ ದನಿ ಸಣ್ಣದಾಗಿ ಕೇಳಿತು. ಹೆಸರು ಹೇಳ್ರಪ್ಪ. ಹೋಗೋರ ಹೆಸರು. ಹುಡುಗರು ತಲೆ ಎತ್ತಲಿಲ್ಲ.

"ಮಾಗಡಿ ಸೀಮೆ, ಮುನಿಹನುಮಯ್ಯನ ಮಗ ಆಂಜಿನಯ್ಯ ಹೊರಟವ್ನೆ."

ಶಂಖ ಊದಿತು. ಆಚೆ ಕಡೆ ಯಾರದೋ ಹೆಣಕ್ಕೆ ಗುಂಡಿ ತೆಗೆಸುತ್ತ ನಿಂತಿದ್ದವರು ತಿರುಗಿದರು. ಕೂತಿದ್ದ ಒಬ್ಬ ಮುದುಕ ಎದ್ದು ನಿಂತ, ಚಪ್ಪಲಿ ಬಿಟ್ಟ. ಯಾರಿಗೆ ಊದುತ್ತಿದ್ದಾರೆ ಎಂದು ಅವನಿಗೆ ಗೊತ್ತಿರಲಿಲ್ಲ. ಊದು ಯಾವುದು ಎಂದು ಗೊತ್ತಿತ್ತು.

ಮುಗಿಯಿತು. ಆತ್ರೇಯ ಬಗ್ಗಿ ಟೇಪ್ ಎತ್ತಿಕೊಳ್ಳಲು ಹೋದ.

"ಇರು," ಎಂದಳು ಮುನಿಯಮ್ಮ. "ಆ ಕಡೇದೂ ಹಾಕು."

"ಹಾಡಾ ಅಮ್ಮ? ಇಲ್ಲಾ?"

"ಅವ್ರು ಕೇಳಿಲ್ವಲ್ಲ. ನೀವು ಏನು ಮಾಡಿದ್ರಿ ಅಂತ ಅವ್ರಿಗೂ ಗೊತ್ತಾಗ್ಲಿ."

ಮನೋಹರ್ ಮಗುಚಿ ಹಾಕಿದ. ಎಷ್ಟು ಜೋರಾಗುತ್ತದೋ ಅಷ್ಟು ಜೋರು ಮಾಡಿದ. ಜಾಗಟೆ, ಕಲ್ಲು ಎಳೆಯುವ ತಂತಿ, ಶಂಖ. ಆಮೇಲೆ ಎಲ್ಲ ಸಿಡಿಯಿತು. ಕಾವಲುಗಾರ ಕಿವಿ ಮುಚ್ಚಿಕೊಂಡ. ಟೇಪಿನ ತಗಡು ಅದುರಿತು. ಆತ್ರೇಯನ ಅರಚಾಟ ಗೋರಿಗಳ ಮೇಲೆ ಹೋಯಿತು.

ಆ ಗದ್ದಲದೊಳಗೆ ಮುನಿಯಮ್ಮನ ಬಾಯಿ ತೆರೆಯಿತು. ಅವಳು ಗರಿಕೆಯ ಮೇಲೆ ಕೂತು, ಎರಡೂ ಕೈ ಮಣ್ಣಿಗೆ ಊರಿ ಕೂಗಿದಳು. ಅವನ ಹೆಸರು ಹಿಡಿದು ಕೂಗಿದಳು. ಗಂಡನ ಹೆಸರನ್ನು ಬಾಯಲ್ಲಿ ಹೇಳಿದ್ದು ಅದೇ ಮೊದಲು. ಪಕ್ಕದಲ್ಲೇ ನಿಂತ ಹುಡುಗರಿಗೂ ಸರಿಯಾಗಿ ಕೇಳಿಸಲಿಲ್ಲ. ಅವಳ ಬೆನ್ನು ಅಲುಗುವುದು ಮಾತ್ರ ಕಂಡಿತು. ಹಾಡು ಉದ್ದವಿತ್ತು. ಅದು ಮುಗಿಯುವವರೆಗೂ ಅತ್ತಳು.

ವಾಪಸ್ಸು ಬರುವಾಗ ಗಲ್ಲಿಯ ತುದಿಯಲ್ಲಿ ಅವಳು ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂತ್ಕೊಳ್ಳಿ. ಕೆಮ್ಮಿ."

"ಏನಮ್ಮ?"

"ಕೆಮ್ಮಪ್ಪ ಅಂದೆ."

ಮನೋಹರ್ ಕೆಮ್ಮಿದ. ಅವಳು ಮುಂದೆ ಹೋಗಿ ಕಾಲು ತೊಳೆದು ಒಳಹೊಕ್ಕು, ಅರಿಶಿನ ಕಲಸಿದ ಚೊಂಬು ಹಿಡಿದು ಹೊರಗೆ ಬಂದಳು. ಇಬ್ಬರೂ ಮೋರಿಯ ಹತ್ತಿರ ಬಂದು ನಿಂತರು. ಅವಳು ಟೇಪಿನ ಕಡೆ ಚೊಂಬು ಬಗ್ಗಿಸಿದಳು.

"ಅಮ್ಮ, ನೀರು ಬಿದ್ರೆ ಕೆಟ್ಟೋಗುತ್ತೆ," ಎಂದು ಆತ್ರೇಯ ಕೈ ಅಡ್ಡ ಹಿಡಿದ.

"ಏಯ್, ನಮ್ಮ ಟೇಪು," ಎಂದಳು ಸುಬ್ಬಮ್ಮ ಜಗಲಿಯಿಂದ.

ಮುನಿಯಮ್ಮ ಬೆರಳು ಅದ್ದಿ ಟೇಪಿನ ಮೇಲೆ ಚಿಮುಕಿಸಿದಳು. ಆಮೇಲೆ ಹುಡುಗರ ಕೈಗೆ ಹೊಯ್ದಳು. ಕಾಲಿಗೆ ಹೊಯ್ದಳು. ಹಳದಿ ನೀರು ಅವರ ಕಪ್ಪು ಬೂಟಿನ ಮೇಲಿಂದ ಮೋರಿಗೆ ಇಳಿಯಿತು.

"ಯಾರು?" ಎಂದು ಕೇಳಿದಳು.

ಮನೋಹರನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು.

"ಆಂಜಿನಯ್ಯ," ಎಂದ.

"ಯಾರ ಮಗ?"

"ಮುನಿಹನುಮಯ್ಯನ ಮಗ."

"ಒಳಗೆ ಬನ್ನಿ," ಎಂದು ಅವಳು ಬಾಗಿಲು ಬಿಟ್ಟು ನಿಂತಳು.